ಕಡಲಿಗೆ ಬೇಲಿ, ಬಡವನಿಗೆ ಬರೆ



ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ಮೀನಿನ ಸಂಗತಿ ಹೊಸತೇನಲ್ಲ. ಬೆಳಗಿನ ಜಾವ ಮಂಜುಗಡ್ಡೆಯ ಪೆಟ್ಟಿಗೆ ಬಂದು ಬೀಳುವುದರಿಂದ ಹಿಡಿದು ರಾತ್ರಿ ಕೊನೆಯ ತಟ್ಟೆ ತೊಳೆದಿಡುವವರೆಗೆ ಬಂಗುಡೆ, ಮಾಂಜಿ, ಅಂಜಲುಗಳ ನಡುವೆಯೇ ಎಷ್ಟೋ ಜನರ ಬಾಳು ಸವೆಯುತ್ತದೆ. ಆದರೆ ಆ ಮೀನು ಯಾವ ಕಡಲಿನದು, ಯಾರ ಬಲೆಗೆ ಬಿದ್ದದ್ದು, ಆ ಬಲೆ ಎಳೆದವನ ಮನೆಯಲ್ಲಿ ಒಲೆ ಉರಿಯಿತೋ ಇಲ್ಲವೋ ಎಂದು ವಿಚಾರಿಸುವಷ್ಟು ಪುರುಸೊತ್ತು ನಮಗೆಲ್ಲಿ? ಇಂದು ಆ ವಿಚಾರವನ್ನೇ ನಿಮ್ಮ ಮುಂದೆ ಇಡಬೇಕಾಗಿದೆ. ಅದಕ್ಕೆ ಕಾರಣವಾದದ್ದು ಲಾಲ್‌ಬಾಗಿನ ಒಂದು ಚಾಳಿನಲ್ಲಿ ನಡೆದ ವಾದ.

ವಾದಕ್ಕೆ ನಿಂತವರು ಇಬ್ಬರು. ಒಬ್ಬ ಮಲ್ಪೆಯ ಕಡೆಯ ಹುಡುಗ. ಇಲ್ಲಿ ಹೋಟೆಲಿನಲ್ಲಿ ಮಾಣಿ. ಅವನ ಅಣ್ಣ ಊರಿನಲ್ಲಿ ಪರ್ಸಿನ್ ಬೋಟಿಗೆ ಹೋಗುವವನು. ಇನ್ನೊಬ್ಬರು ಮಾಲವಣದ ವೃದ್ಧರು. ಗಿರಣಿಯ ಸಾಂಚಾ ಖಾತೆಯಲ್ಲಿ ನಮ್ಮವರ ಪಕ್ಕದಲ್ಲಿಯೇ ನಿಂತು ದುಡಿದು, 1982ರ ಮುಷ್ಕರದ ಅನಂತರ ಕೆಲಸ ಕಳೆದುಕೊಂಡವರು. “ನಿಮ್ಮ ಊರಿನವರು ನಮ್ಮ ಬೋಟುಗಳನ್ನು ಅಡ್ಡಗಟ್ಟುತ್ತಾರಲ್ಲ ಕಾಕಾ, ಕಡಲು ಎಲ್ಲರದ್ದಲ್ಲವೇ?” ಎಂದು ಹುಡುಗ ಕೇಳಿದ. “ಎಲ್ಲರದ್ದೇ ಮಗಾ. ಆದರೆ ನಿಮ್ಮ ಬೋಟು ಬಂದು ಹೋದ ಮೇಲೆ ಉಳಿದವರಿಗೆ ಏನಿರುತ್ತದೆ?” ಎಂದರು ವೃದ್ಧರು. ಅಷ್ಟರಲ್ಲಿ ಕಚೇರಿಯೊಂದರಲ್ಲಿ ಗುಮಾಸ್ತೆ ಮಾಡುವ, ದಿನವೂ ಪತ್ರಿಕೆ ಓದುವ ನಮ್ಮವರೇ ಒಬ್ಬರು ನಡುವೆ ಬಾಯಿ ಹಾಕಿದರು: “ಈ ಜಗಳವೇ ಬೇಡ. ಸರಕಾರ ಕಡಲನ್ನು ಅಭಯಾರಣ್ಯ ಮಾಡಿ ಇಬ್ಬರನ್ನೂ ಹೊರಗೆ ಹಾಕಲಿ. ಮೀನಾದರೂ ಉಳಿದೀತು.”

ಈ ಮಾತು ಆ ಒಬ್ಬ ಗುಮಾಸ್ತರದ್ದು ಮಾತ್ರವಲ್ಲ. ಓದುಬರಹ ಬಲ್ಲ, ಒಳ್ಳೆಯ ಮನಸ್ಸಿನ, ಪ್ರಾಣಿಪಕ್ಷಿಗಳ ಮೇಲೆ ದಯೆಯುಳ್ಳ ಅನೇಕರು ಹೀಗೆಯೇ ನಂಬಿದ್ದಾರೆ. ಮೀನಿಗೆ ಶತ್ರು ಮೀನುಗಾರ. ಆದುದರಿಂದ ಮೀನುಗಾರನನ್ನು ದೂರವಿಟ್ಟರೆ ಕಡಲು ತುಂಬುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕ ತಪ್ಪು. ತಪ್ಪು ಮಾತ್ರವಲ್ಲ, ಅಪಾಯಕರ. ಯಾಕೆಂದು ಹೇಳುತ್ತೇವೆ.

ಮಾಲವಣದಲ್ಲಿ ನಡೆದದ್ದು

ಮಾಲವಣ ನಮಗೆ ದೂರದ ಊರಲ್ಲ. ಗಿರಣಗಾವಿನ ಚಾಳುಗಳಲ್ಲಿ ಕೊಂಕಣದವರೂ ಕನ್ನಡಿಗರೂ ಒಂದೇ ನಲ್ಲಿಯ ನೀರು ಹಿಡಿದವರು. ಆ ಊರಿನ ಮುಂದೆ ಕಡಲಿನೊಳಗೆ ಸಿಂಧುದುರ್ಗ ಕೋಟೆ ಇದೆ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಿಸಲು ಆರಂಭಿಸಿದ್ದು. ಕೋಟೆಯ ಸುತ್ತ ಬಂಡೆಗಳಿವೆ, ಬಂಡೆಗಳ ಮೇಲೆ ಹವಳವಿದೆ, ಕಡಲ ಪಾಚಿಯಿದೆ. ಮರಿಮೀನುಗಳಿಗೆ ಅದು ತೊಟ್ಟಿಲಿದ್ದಂತೆ. 1987ರ ಏಪ್ರಿಲ್ ತಿಂಗಳಿನಲ್ಲಿ ಮಹಾರಾಷ್ಟ್ರ ಸರಕಾರ ಈ ಕಡಲನ್ನು ಸಾಗರ ಅಭಯಾರಣ್ಯವೆಂದು ಸಾರಿತು. ಒಟ್ಟು 29.12 ಚದರ ಕಿಲೋಮೀಟರು. ಅದರ ನಡುವೆ ಕೋಟೆ ಮತ್ತು ಪದ್ಮಗಡ ನಡುಗಡ್ಡೆಯ ಸುತ್ತಿನ 3.18 ಚದರ ಕಿಲೋಮೀಟರು ತಿರುಳಿನ ಭಾಗ, ಮಿಕ್ಕಿದ್ದು ಅಂಚಿನ ಭಾಗ.

ಕಡಲಿನಲ್ಲಿ ಅರಣ್ಯ ಎಲ್ಲಿಂದ ಬಂತು ಎಂದು ನೀವು ನಗಬಹುದು. ನಗುವ ಮಾತೇ ಅದು, ಆದರೆ ಅದರಲ್ಲಿಯೇ ರೋಗದ ಮೂಲವೂ ಇದೆ. ಈ ಅಭಯಾರಣ್ಯಗಳೆಲ್ಲ ನಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಅದು ಹುಲಿಗಾಗಿ, ಆನೆಗಾಗಿ, ಕಾಡಿಗಾಗಿ ಹುಟ್ಟಿದ ಕಾಯ್ದೆ. ಕಾಡಿನಲ್ಲಿ ಮರವಿದೆ, ಗಡಿಕಲ್ಲು ನೆಡಬಹುದು, ಬೇಲಿ ಹಾಕಬಹುದು. ಕಡಲಿನಲ್ಲಿ ಗಡಿಕಲ್ಲು ಎಲ್ಲಿ ನೆಡುವಿರಿ? ಹುಲಿ ಒಂದು ಕಾಡಿನಲ್ಲಿ ನೆಲೆ ನಿಂತೀತು. ಬಂಗುಡೆಯ ಹಿಂಡು ಇಂದು ಮಾಲವಣದಲ್ಲಿ, ನಾಳೆ ಗೋವೆಯಲ್ಲಿ, ನಾಡಿದ್ದು ಕಾರವಾರದಲ್ಲಿ. ಮೀನುಗಾರನಿಗೆ ಗೊತ್ತಿರುವ ಕಡಲು ಗಾಳಿ, ನೀರಿನ ಸೆಳೆತ, ಬಂಡೆ, ತಿಥಿ ಇವುಗಳ ಕಡಲು. ಅರಣ್ಯ ಖಾತೆಯ ನಕ್ಷೆಯಲ್ಲಿರುವುದು ನಾಲ್ಕು ಗೆರೆಗಳ ಕಡಲು. ಆ ಗೆರೆಯೊಳಗೆ ಬೆಳಿಗ್ಗೆ ಬಲೆ ಬಿಟ್ಟವನು ನಿನ್ನೆಯವರೆಗೆ ಕಸುಬುದಾರ, ಇಂದಿನಿಂದ ಅಪರಾಧಿ.

ಮಾಲವಣದ ಮೀನುಗಾರರು ಈ ಅಭಯಾರಣ್ಯವನ್ನು ಮೊದಲಿನಿಂದಲೂ ವಿರೋಧಿಸಿದ್ದಾರೆ. ಹಾಗೆಂದ ಮಾತ್ರಕ್ಕೆ ಅವರು ಕಡಲನ್ನು ಕೊಳ್ಳೆ ಹೊಡೆಯುವ ಜನವೇ? ಅವರ ಮುಖ್ಯ ಬಲೆ ರಾಪಣ. ನಮ್ಮ ಊರಿನ ರಂಪಣಿಯೇ ಅದು. ದೋಣಿಯಲ್ಲಿ ಬಲೆಯನ್ನು ಒಯ್ದು ಅರ್ಧ ಚಂದ್ರಾಕಾರವಾಗಿ ಬಿಟ್ಟು, ದಡದಲ್ಲಿ ನಿಂತ ಹತ್ತಾರು ಜನ ಎರಡೂ ತುದಿಯಿಂದ ಎಳೆಯುವುದು. ದಡದ ಹತ್ತಿರಕ್ಕೆ ತಾನಾಗಿ ಬಂದ ಮೀನನ್ನು ಮಾತ್ರ ಅದು ಹಿಡಿದೀತು. ಸಿಕ್ಕಿದ್ದನ್ನು ಪಾಲು ಹಾಕಿಕೊಳ್ಳುತ್ತಾರೆ. ಮಳೆಗಾಲದಲ್ಲಿ ದೋಣಿಯನ್ನು ಮೇಲಕ್ಕೆಳೆದಿಟ್ಟು, ನಾರಳೀ ಪೌರ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ನೀರಿಗಿಳಿಯುವ ರೂಢಿ ಅವರದು. ಮೀನು ಮೊಟ್ಟೆಯಿಡುವ ಕಾಲಕ್ಕೆ ಕಡಲಿಗೆ ವಿಶ್ರಾಂತಿ ಕೊಡಬೇಕೆಂಬ ಬುದ್ಧಿ ಅವರಿಗೆ ಯಾವ ವಿಲಾಯತಿ ಪಂಡಿತನೂ ಕಲಿಸಿದ್ದಲ್ಲ. ಇಂದು ಸರಕಾರ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಹಾಕಿರುವ ನಿಷೇಧ ಆ ಹಳೆಯ ರೂಢಿಗೆ ಸರಕಾರಿ ಮುದ್ರೆ ಒತ್ತಿದಂತೆಯೇ ಸರಿ.

ಹಾಗಿರುವಲ್ಲಿ ಅವರ ವಿರೋಧ ಯಾವುದಕ್ಕೆ? ಕಡಲನ್ನು ಕಾಯುವುದಕ್ಕಲ್ಲ, ತಮ್ಮನ್ನು ಕೇಳದೆ ಕಾಯುವುದಕ್ಕೆ. ಕಾವಲಿನ ಹೆಸರಿನಲ್ಲಿ ತಮ್ಮ ರಾಪಣವನ್ನೇ ಮೊದಲು ಮೇಲಕ್ಕೆ ಎತ್ತಿಸುವುದಕ್ಕೆ. 2009ರ ಜನವರಿಯಲ್ಲಿ ಚೆನ್ನೈಯಲ್ಲಿ ಈ ವಿಷಯಕ್ಕೆಂದೇ ಸಭೆಯೊಂದು ಸೇರಿತ್ತು. ಸಾಗರ ಸಂರಕ್ಷಿತ ಪ್ರದೇಶಗಳಿಂದ ಮೀನುಗಾರ ಸಮಾಜಕ್ಕೆ ಲಾಭವೇ, ನಷ್ಟವೇ ಎಂಬುದು ಅಲ್ಲಿನ ಪ್ರಶ್ನೆ. ಇಂತಹ ಸಭೆಗಳಲ್ಲಿ ಮೀನುಗಾರರ ಸಂಘಗಳವರು ಹೇಳುತ್ತ ಬಂದಿರುವ ಮಾತಿನ ಸಾರ ಒಂದೇ: ಕಡಲು ಉಳಿಯಬೇಕು, ನಾವೂ ಉಳಿಯಬೇಕು, ತೀರ್ಮಾನದಲ್ಲಿ ನಮಗೂ ಕುಳಿತುಕೊಳ್ಳಲು ಚಾಪೆ ಬೇಕು.

ಇನ್ನೊಂದು ತಮಾಷೆ ನೋಡಿ. 1991ರಲ್ಲಿ ವನ್ಯಜೀವಿ ಕಾಯ್ದೆಯನ್ನು ತಿದ್ದಿದಾಗ ಒಂದು ಒಳ್ಳೆಯ ಮಾತು ಸೇರಿಸಿದರು. ಕರಾವಳಿಯ ಕಡಲನ್ನು ಅಭಯಾರಣ್ಯಕ್ಕೆ ಸೇರಿಸುವಾಗ, ಸ್ಥಳೀಯ ಮೀನುಗಾರರ ಕಸುಬಿನ ಹಿತವನ್ನು ಕಾಪಾಡಲು ತಕ್ಕ ಏರ್ಪಾಡು ಮಾಡಿದ ಮೇಲೆಯೇ ಗಡಿಯನ್ನು ಗೊತ್ತುಮಾಡತಕ್ಕದ್ದು ಎಂದು ಅದರಲ್ಲಿದೆ. ಮಾಲವಣದ ಗಡಿ ಗೊತ್ತಾದದ್ದು ಅದಕ್ಕೂ ನಾಲ್ಕು ವರ್ಷ ಮೊದಲು! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಫಲವೇನು? ಸುಮಾರು ನಾಲ್ಕು ದಶಕ ಕಳೆದರೂ ಆ ಅಭಯಾರಣ್ಯದ ಬಹುಪಾಲು ಕಾಗದದ ಮೇಲೆಯೇ ಉಳಿಯಿತು. ಊರಿನವರ ಮನಸ್ಸು ಒಲಿಯದ ಕಾವಲನ್ನು ಯಾವ ಅಧಿಕಾರಿ ತಾನೇ ನಡೆಸಿಯಾನು? ಕಡಲಿನಲ್ಲಿ ಹಗಲೂ ರಾತ್ರಿ ಇರುವವನು ಮೀನುಗಾರ. ಕಳ್ಳ ಬೋಟಿನ ದೀಪ ಮೊದಲು ಕಾಣುವುದು ಅವನ ಕಣ್ಣಿಗೆ. ಅವನನ್ನೇ ಕಳ್ಳನೆಂದು ಕರೆದ ಮೇಲೆ ಕಾವಲಿಗೆ ಯಾರು ನಿಲ್ಲಬೇಕು?

ನಮ್ಮ ಮನೆಯ ದೋಷ

ಈಗ ಕಹಿಯಾದ ಮಾತೊಂದನ್ನು ಹೇಳಬೇಕು. ನಮ್ಮವರಲ್ಲಿ ಕೆಲವರಿಗೆ ಸಿಟ್ಟು ಬಂದೀತು, ಬರಲಿ.

ಮಾಲವಣದ ಮೀನುಗಾರರನ್ನು ಬಾಧಿಸುತ್ತಿರುವುದು ಅರಣ್ಯ ಖಾತೆಯೊಂದೇ ಅಲ್ಲ. ದೊಡ್ಡ ಯಂತ್ರದ ಬೋಟುಗಳು ಅವರ ದಡದ ಮುಂದೆಯೇ ಬಂದು ಕಡಲನ್ನು ಗುಡಿಸಿಕೊಂಡು ಹೋಗುತ್ತವೆ. ಅವುಗಳಲ್ಲಿ ಮಹಾರಾಷ್ಟ್ರದವೂ ಇವೆ, ಗೋವೆಯವೂ ಇವೆ. ನಮ್ಮ ಕರ್ನಾಟಕದ ಬೋಟುಗಳೂ ಇವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪರ್ಸಿನ್ ಬಲೆ ಎಂದರೆ ಏನೆಂದು ಘಟ್ಟದ ಮೇಲಿನ ಓದುಗರಿಗೆ ಹೇಳಬೇಕು. ಮೀನಿನ ಹಿಂಡನ್ನು ಸುತ್ತುಗಟ್ಟಿ, ಹಣದ ಚೀಲದ ಬಾಯಿಯ ದಾರ ಎಳೆದಂತೆ ಅಡಿಯಿಂದ ಬಿಗಿದು, ಹಿಂಡಿಗೆ ಹಿಂಡನ್ನೇ ಎತ್ತಿಕೊಳ್ಳುವ ಬಲೆ ಅದು. ಟ್ರಾಲ್ ಬಲೆಯಾದರೆ ಕಡಲಿನ ತಳವನ್ನೇ ಕೆರೆದುಕೊಂಡು ಸಾಗುವುದು. ಇನ್ನೊಂದು ಬಗೆಯಿದೆ, ಜನರೇಟರಿನಿಂದ ಎಲ್‌ಇಡಿ ದೀಪ ಉರಿಸಿ, ರಾತ್ರಿಯ ಕಡಲನ್ನು ಹಗಲು ಮಾಡಿ, ಬೆಳಕಿಗೆ ಬಂದ ಸಣ್ಣದು ದೊಡ್ಡದೆಲ್ಲವನ್ನೂ ಬಾಚುವುದು. ಈ ದೀಪದ ಬೇಟೆಯನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಪರ್ಸಿನ್ ಬಲೆಗೆ ಮಹಾರಾಷ್ಟ್ರ ಸರಕಾರ 2016ರ ಫೆಬ್ರವರಿಯಲ್ಲಿ ಕಟ್ಟುಪಾಡು ಹಾಕಿತು. ಕಟ್ಟುಪಾಡು ಕಾಗದದಲ್ಲಿದೆ, ಬೋಟು ಕಡಲಿನಲ್ಲಿದೆ.

ನಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ. ಮಲ್ಪೆ, ಉಪ್ಪುಂದ, ಭಟ್ಕಳ, ಹೊನ್ನಾವರಗಳ ದಡದಲ್ಲಿ ಒಂದು ಕಾಲಕ್ಕೆ ರಂಪಣಿಯ ಹಗ್ಗ ಎಳೆಯಲು ಇಡೀ ಕೇರಿಯೇ ನಿಲ್ಲುತ್ತಿತ್ತು. ಮೀನು ದಡಕ್ಕೆ ಬಿದ್ದಾಗ ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ರಂಪಣಿಯವರು ಹೋರಾಡಿದರು, ಗೋಳಾಡಿದರು. ಬೋಟು ಕಟ್ಟಿಸಲು ಬ್ಯಾಂಕಿನ ಸಾಲವಿತ್ತು, ಸರಕಾರದ ಉತ್ತೇಜನವಿತ್ತು. ಹಗ್ಗ ಎಳೆಯುವವನಿಗೆ ಏನಿತ್ತು? ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಉಳಿದದ್ದು ಅಲ್ಲಲ್ಲಿ ಕೈರಂಪಣಿ. ಹಗ್ಗ ಬಿಟ್ಟ ಕೈಗಳಲ್ಲಿ ಎಷ್ಟು ಕೈಗಳು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯಲು ಬಂದವು ಎಂಬ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ನಮ್ಮ ರಂಪಣಿಯನ್ನು ಕೊಂದ ಬಲೆಯೇ ಇಂದು ಮಾಲವಣದ ರಾಪಣವನ್ನು ಕೊಲ್ಲಲು ಹೊರಟಿದೆ. ಅಂದು ಅತ್ತವರು ನಾವು. ಇಂದು ಅಳಿಸುವವರ ಸಾಲಿನಲ್ಲಿ ನಮ್ಮ ಬೋಟೂ ಇದೆ. ಆ ಹುಡುಗ “ಕಡಲು ಎಲ್ಲರದ್ದಲ್ಲವೇ” ಎಂದು ಕೇಳಿದ್ದು ಸರಿ. ಆದರೆ ಎಲ್ಲರದ್ದಾದ ಕಡಲನ್ನು ಒಬ್ಬನ ಚೀಲಕ್ಕೆ ತುಂಬಿದರೆ ಅದು ಎಲ್ಲರದ್ದಾಗಿ ಉಳಿಯುವುದಿಲ್ಲ.

ಹಾಗೆಂದು ಆ ಹುಡುಗನ ಅಣ್ಣನನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅವನೂ ದುಡಿಮೆಗಾರ. ಬೋಟು ಅವನದಲ್ಲ, ಬಲೆ ಅವನದಲ್ಲ, ಯಾವ ಕಡಲಿಗೆ ಹೋಗಬೇಕೆಂಬ ತೀರ್ಮಾನವೂ ಅವನದಲ್ಲ. ಇಂದು ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಆಂಧ್ರದ ಕಡೆಯಿಂದ ಬಂದ ಕಲಾಸಿಗಳೂ ದುಡಿಯುತ್ತಾರೆ; ನಾವು ಮುಂಬಯಿಗೆ ಬಂದಂತೆ ಅವರು ಮಲ್ಪೆಗೆ ಬಂದವರು. ಬೋಟು ಹಿಡಿದುಹಾಕಿದಾಗ ಪೆಟ್ಟು ತಿನ್ನುವವರು ಅವರು. ಮೀನಿನ ಲಾಭ ಎಣಿಸುವವರು ದಡದಲ್ಲಿ ಇರುತ್ತಾರೆ. ಮಾಲವಣದ ರಾಪಣದವನೂ ಮಲ್ಪೆಯ ಕಲಾಸಿಯೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದುಕೊಂಡರೆ ಯಾರಿಗೆ ಹಬ್ಬ? ಗಿರಣಿಯಲ್ಲಿ ಪಾಳಿ ಪಾಳಿಯವರನ್ನು, ಭಾಷೆ ಭಾಷೆಯವರನ್ನು ಎತ್ತಿಕಟ್ಟಿದ ಕಥೆ ನಮ್ಮ ಹಿರಿಯರಿಗೆ ನೆನಪಿರಬೇಕು.

ಯಾರಿಗೆ ಬಾಗಿಲು ತೆರೆದಿದೆ?

“ಮೀನು ಉಳಿಯಬೇಕಾದರೆ ಒಂದಿಷ್ಟು ಕಡಲನ್ನು ಮುಚ್ಚಲೇಬೇಕು” ಎಂದು ತಿಳಿದವರು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ ಎಂದು ಒಪ್ಪುತ್ತೇವೆ. ದೊಡ್ಡ ತಾಯಿಮೀನು ಸಣ್ಣದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆಯಿಡುತ್ತದೆ. ಅದು ನೆಮ್ಮದಿಯಾಗಿರುವ ಜಾಗ ಇದ್ದರೆ ಸುತ್ತಲಿನ ಕಡಲಿಗೂ ಮೀನು ಹರಿದೀತು. ಆದರೆ ಮುಚ್ಚಿದ ಬಾಗಿಲು ಎಲ್ಲರಿಗೂ ಮುಚ್ಚಿರಬೇಕಲ್ಲವೇ?

ಒಡಿಶಾದ ಗಹೀರಮಠಾದಲ್ಲಿ 1997ರಲ್ಲಿ ಕಡಲಾಮೆಗಳಿಗಾಗಿ 1,435 ಚದರ ಕಿಲೋಮೀಟರಿನ ಸಾಗರ ಅಭಯಾರಣ್ಯ ಮಾಡಿದರು. ಆಮೆ ಉಳಿಯಲಿ, ಬೇಡವೆಂದವರಾರು? ಆದರೆ ಅಲ್ಲಿ ಸಣ್ಣ ದೋಣಿಯವನ ಬಲೆಗೆ ನಿಷೇಧದ ಮೇಲೆ ನಿಷೇಧ ಬಿದ್ದಿರುವಾಗ, ಅದೇ ಕರಾವಳಿಯ ಉತ್ತರ ಮಗ್ಗುಲಲ್ಲಿ ಧಾಮ್ರಾ ಬಂದರು 2011ರಲ್ಲಿ ಕೆಲಸ ಆರಂಭಿಸಿತು. ದೊಡ್ಡ ಹಡಗಿಗೆ ದಾರಿ, ಸಣ್ಣ ದೋಣಿಗೆ ಬೇಲಿ.

ಅಷ್ಟು ದೂರ ಹೋಗುವುದೇಕೆ, ಮುಂಬಯಿಯಿಂದ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಡಹಾಣೂವನ್ನು ನೋಡಿ. 1991ರಲ್ಲಿ ಕೇಂದ್ರ ಸರಕಾರ ಆ ತಾಲೂಕನ್ನು ಪರಿಸರದ ದೃಷ್ಟಿಯಿಂದ ನಾಜೂಕಾದ ಪ್ರದೇಶವೆಂದು ಸಾರಿತು. 1998ರಲ್ಲಿ ವಾಢವಣದಲ್ಲಿ ಬಂದರು ಕಟ್ಟುವ ಯೋಜನೆ ಬಂದಾಗ, ಆ ತಾಲೂಕಿನ ಪರಿಸರ ರಕ್ಷಣೆಯ ಪ್ರಾಧಿಕಾರ ಕೂಡದು ಎಂದಿತು. 2023ರಲ್ಲಿ ಅದೇ ಪ್ರಾಧಿಕಾರ ಆಗಬಹುದು ಎಂದಿತು. 2024ರ ಆಗಸ್ಟ್ 30ರಂದು ಸುಮಾರು 76,000 ಕೋಟಿ ರೂಪಾಯಿಯ ಬಂದರಿಗೆ ಅಡಿಗಲ್ಲು ಬಿತ್ತು. ಅಲ್ಲಿನ ಮೀನುಗಾರರು ಬೇಡ, ಬೇಡ ಎಂದು ವರ್ಷಗಟ್ಟಲೆ ಕೂಗುತ್ತಲೇ ಬಂದಿದ್ದಾರೆ. ಕಡಲು ನಾಜೂಕು ಎಂಬ ಮಾತು ಬಲೆ ಕಂಡಾಗ ನೆನಪಾಗುತ್ತದೆ, ಬಂಡವಾಳ ಕಂಡಾಗ ಮರೆತುಹೋಗುತ್ತದೆಯೇ?

ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲಿಯೂ ಇದನ್ನೇ ಕಂಡೆವು. ಕಡಲಾಮೆ ಬಂದು ಮೊಟ್ಟೆಯಿಡುವ ಮರಳದಂಡೆಯಲ್ಲಿ ಖಾಸಗಿ ಬಂದರು ಬೇಡವೆಂದು ಹೋರಾಡಿದವರು ಯಾರು? ನಮ್ಮ ಗುಮಾಸ್ತ ಮಹಾಶಯರ ಲೆಕ್ಕದಲ್ಲಿ ಕಡಲಿನ ಶತ್ರುಗಳಾದ ಆ ಮೀನುಗಾರರೇ. ಹೆಂಗಸರೂ ಮಕ್ಕಳೂ ಬೀದಿಗಿಳಿದರು. ಈಗ ಆ ಕಡಲಿನಲ್ಲಿಯೂ ಸಾಗರಧಾಮದ ಮಾತು ಬಂದಿದೆ. ಒಳ್ಳೆಯದಾಗಲಿ. ಆದರೆ ಮಾಲವಣದಲ್ಲಿ ಮಾಡಿದ ತಪ್ಪನ್ನು ಹೊನ್ನಾವರದಲ್ಲಿ ಮಾಡಬೇಡಿ ಎಂದು ಈಗಲೇ ಎಚ್ಚರಿಸುವುದು ನಮ್ಮ ಕರ್ತವ್ಯ.

ಯಾಕೆಂದರೆ ಈ ಬೇಲಿಗಳು ಮುಂದೆ ಹೆಚ್ಚಲಿವೆ. 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ, 2030ರೊಳಗೆ ಭೂಮಿಯ ಮತ್ತು ಕಡಲಿನ ನೂರಕ್ಕೆ 30 ಪಾಲನ್ನು ಸಂರಕ್ಷಿಸುವುದೆಂದು ಒಪ್ಪಿದವು. ಭಾರತವೂ ಒಪ್ಪಿದೆ. ಸ್ಥಳೀಯ ಸಮುದಾಯಗಳ ಹಕ್ಕನ್ನು ಮನ್ನಿಸಿಯೇ ಇದನ್ನು ಮಾಡಬೇಕೆಂದು ಆ ಒಪ್ಪಂದದಲ್ಲಿಯೇ ಬರೆದಿದೆ. ಆದರೆ ಕಚೇರಿಯ ಸ್ವಭಾವ ನಮಗೆ ಗೊತ್ತು. ಅಂಕಿ ತುಂಬಿಸಬೇಕಾದಾಗ ಅವರು ಹಕ್ಕನ್ನು ಓದುವುದಿಲ್ಲ, ನಕ್ಷೆಗೆ ಬಣ್ಣ ಬಳಿಯುತ್ತಾರೆ.

ಕಾರ್ಮಿಕನಿಗೆ ಇದರ ರುಚಿ ಬೇರೆ ಹೇಳಬೇಕೇ? 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಹೊರಬಂದರು. ಮುಷ್ಕರ ಮುರಿಯಿತು, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಿರಣಿಯ ಜಮೀನನ್ನು ಮಾರುವಾಗ ಮೂರನೆಯ ಒಂದು ಪಾಲು ನಗರದ ಬಯಲಿಗೆ, ಒಂದು ಪಾಲು ಜನರ ಮನೆಗಳಿಗೆ ಎಂದು 1991ರ ನಿಯಮ ಹೇಳಿತು. 2001ರಲ್ಲಿ ಆ ನಿಯಮವನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಪಾಲು ಎಂದರು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಮೂವತ್ತು ವರ್ಷ ಬೆವರು ಸುರಿಸಿದವನನ್ನು ಯಾರಾದರೂ ಕರೆದು ಕೇಳಿದರೇ? ನೆಲದ ವಿಷಯದಲ್ಲಿ ನಮಗೆ ಆದದ್ದೇ ನೀರಿನ ವಿಷಯದಲ್ಲಿ ಮೀನುಗಾರನಿಗೆ ಆಗುತ್ತಿದೆ.

ಕೇಳಿ ಮಾಡಿದರೆ ಏನಾಗುತ್ತದೆ?

“ಮೀನುಗಾರರನ್ನು ಕೇಳುತ್ತ ಕುಳಿತರೆ ಯಾವ ಕೆಲಸವೂ ಆಗದು” ಎನ್ನುವವರಿಗೆ ತಮಿಳುನಾಡಿನ ಹೆಣ್ಣುಮಕ್ಕಳ ಕಥೆ ಹೇಳಬೇಕು.

ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಮನ್ನಾರ್ ಕೊಲ್ಲಿಯಲ್ಲಿ 21 ನಡುಗಡ್ಡೆಗಳಿವೆ. ಅವುಗಳನ್ನೂ ಸುತ್ತಲಿನ ಕಡಲನ್ನೂ ಸೇರಿಸಿ 560 ಚದರ ಕಿಲೋಮೀಟರನ್ನು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಆ ನಡುಗಡ್ಡೆಗಳ ಸುತ್ತ ಉಸಿರು ಬಿಗಿಹಿಡಿದು ಮುಳುಗಿ, ಬಂಡೆಯ ಮೇಲಿನ ಕಡಲ ಪಾಚಿಯನ್ನು ಕಿತ್ತು ತಂದು ಒಣಗಿಸಿ ಮಾರುವುದು ಅಲ್ಲಿನ ಮೀನುಗಾರ ಹೆಂಗಸರ ಕಸುಬು. ಕೈಬೆರಳಿಗೆ ಬಟ್ಟೆ ಸುತ್ತಿಕೊಂಡು, ಗಂಟೆಗಟ್ಟಲೆ ನೀರಿನಲ್ಲಿರಬೇಕು. ಉದ್ಯಾನದ ಗಡಿ ಬಂದ ಮೇಲೆ ಅವರನ್ನು ಹಿಡಿಯುವುದು, ದಂಡ ಹಾಕುವುದು, ಹೆದರಿಸಿ ಓಡಿಸುವುದು ಆರಂಭವಾಯಿತು. ಆಗ ಆ ಹೆಂಗಸರು ಬರಿದೆ ಅಳುತ್ತ ಕೂರಲಿಲ್ಲ. ತಮ್ಮಲ್ಲಿಯೇ ಸಂಘ ಕಟ್ಟಿಕೊಂಡರು. ಬಂಡೆ ಕೆರೆಯುವ ಕಬ್ಬಿಣದ ಉಪಕರಣ ಬಿಟ್ಟು ಕೈಯಿಂದಲೇ ಕೀಳುವುದೆಂದೂ, ತಿಂಗಳಿಗೆ 12 ದಿನ ಮಾತ್ರ ಕಡಲಿಗಿಳಿಯುವುದೆಂದೂ ತಾವೇ ಕಟ್ಟುಪಾಡು ಮಾಡಿಕೊಂಡರು. ಹೊಟ್ಟೆಯ ಪಾಡಿಗೆ ದುಡಿಯುವವರು ತಮ್ಮ ದುಡಿಮೆಯ ದಿನವನ್ನು ತಾವೇ ಕಡಿಮೆ ಮಾಡಿಕೊಂಡರು, ಪಾಚಿ ಮತ್ತೆ ಬೆಳೆಯಲಿ ಎಂದು! ಆ ಸಂಘಟನೆಯಲ್ಲಿ ಮುಂದೆ ನಿಂತ ಚಿನ್ನಪಾಲಮ್ ಊರಿನ ಲಕ್ಷ್ಮಿ ಮೂರ್ತಿಯವರಿಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆಯ ಪ್ರಶಸ್ತಿ ಬಂತು. ದ್ವೀಪಗಳ ಪರಿಸರ ಕಾಯ್ದವರಿಗೆ ಕೊಡುವ ಪ್ರಶಸ್ತಿ ಅದು. ಹೊರದೇಶದವರು ಯಾರನ್ನು ರಕ್ಷಕಿ ಎಂದು ಕರೆದು ಸನ್ಮಾನಿಸಿದರೋ ಅಂಥವರನ್ನೇ ನಮ್ಮ ಕಾಯ್ದೆ ಅಪರಾಧಿ ಎನ್ನುತ್ತಿತ್ತು.

ಸಿಂಧುದುರ್ಗದಲ್ಲಿಯೂ ಇಂತಹ ಬೆಳಕು ಅಲ್ಲಲ್ಲಿ ಕಂಡಿದೆ. ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆ ಜಿಲ್ಲೆಯಲ್ಲಿ ನಡೆದ ಯೋಜನೆಯಲ್ಲಿ ಟ್ರಾಲ್ ಬೋಟಿನವರಿಗೆ ಚೌಕ ಕಣ್ಣಿನ ಬಲೆಯನ್ನು ಪರಿಚಯಿಸಿದರು. ಬಲೆ ಎಳೆದಾಗಲೂ ಆ ಕಣ್ಣು ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಮರಿಮೀನು ನುಸುಳಿ ಪಾರಾಗುತ್ತದೆ. ವೆಂಗುರ್ಲೆಯಲ್ಲಿ ಹೆಂಗಸರೇ ಗುಂಪು ಕಟ್ಟಿ, ಕಾಂಡ್ಲಾ ಗಿಡಗಳ ಹಿನ್ನೀರಿನಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸಿ ಸಂಪಾದಿಸುವಂತಾಯಿತು. ಗಿಡವೂ ಉಳಿಯಿತು, ಗಂಜಿಯೂ ಸಿಕ್ಕಿತು. ಜನ ಕೈಹಚ್ಚಿದ್ದು ನಿಂತಿತು. ಜನರ ತಲೆಯ ಮೇಲೆ ಹೇರಿದ್ದು ಕಾಗದವಾಗಿ ಉಳಿಯಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವುದು ಬೇಕು?

ಏನಾಗಬೇಕು?

ಬರಿಯ ಬೈಗುಳದಿಂದ ಕೆಲಸವಾಗದು. ನಮ್ಮ ಬೇಡಿಕೆ ಇಷ್ಟು.

ಒಂದನೆಯದು: ಮಾಲವಣವಿರಲಿ, ಹೊನ್ನಾವರವಿರಲಿ, ಕಡಲಿನಲ್ಲಿ ಗೆರೆ ಎಳೆಯುವ ಮೊದಲು ಆ ದಡದ ಊರುಗಳಲ್ಲಿ, ಜನರ ಭಾಷೆಯಲ್ಲಿ ಓದಿ ಹೇಳಿ, ಅವರ ಮಾತನ್ನು ಬರೆದುಕೊಳ್ಳಬೇಕು. ಇಂಗ್ಲಿಷಿನ ಗೆಜೆಟ್ ಅಂಟಿಸಿ ಹೋಗುವುದು ಸಾಲದು.

ಎರಡನೆಯದು: ಮೊದಲ ನಿಷೇಧ ಬೀಳಬೇಕಾದದ್ದು ದಡದ ಹತ್ತಿರ ಬರುವ ಪರ್ಸಿನ್, ಟ್ರಾಲ್ ಮತ್ತು ದೀಪದ ಬೋಟುಗಳ ಮೇಲೆ. ರಾಪಣ, ಕೈರಂಪಣಿ, ಗಾಳ ಇವುಗಳ ಸರದಿ ಕೊನೆಯದು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವ ವೈದ್ಯ ನಿಲ್ಲಬೇಕು.

ಮೂರನೆಯದು: ಮರಿಮೀನಿನ ಜಾಗವೊಂದನ್ನು ಪೂರ್ತಿ ಮುಚ್ಚಲೇಬೇಕಾದರೆ ಯಾವ ಬಂಡೆ, ಯಾವ ತಿಂಗಳು ಎಂಬುದನ್ನು ಮೀನುಗಾರರೊಡನೆ ಕುಳಿತು ಗೊತ್ತುಮಾಡಬೇಕು. ಮುಚ್ಚಿದ ದಿನಗಳ ಗಂಜಿಗೆ ಪರಿಹಾರವನ್ನು ಮುಚ್ಚುವ ಮೊದಲೇ ಕೊಡಬೇಕು.

ನಾಲ್ಕನೆಯದು: ಕಾವಲಿನ ಸಮಿತಿಯಲ್ಲಿ ಮೀನುಗಾರರಿಗೆ, ಅದರಲ್ಲಿಯೂ ಮೀನು ಮಾರುವ, ಒಣಗಿಸುವ ಹೆಂಗಸರಿಗೆ ಸ್ಥಾನ ಇರಬೇಕು; ಹೆಸರಿಗಲ್ಲ, ಮತದ ಹಕ್ಕಿನೊಡನೆ.

ಐದನೆಯದು: ಬಲೆಗೆ ಹಾಕಿದ ನಿಯಮ ಬಂದರಿಗೂ, ದಡದ ಐಷಾರಾಮಿ ಹೋಟೆಲಿಗೂ, ಪ್ರವಾಸಿ ದೋಣಿಗೂ ಸಲ್ಲಬೇಕು. ಪ್ರವಾಸಿ ದೋಣಿಯ ಲಂಗರು ಬಿದ್ದರೂ ಹವಳ ಮುರಿಯುತ್ತದೆ.

ಇವು ಸರಕಾರಕ್ಕೆ. ನಮಗೂ ಕೆಲಸವಿದೆ. ಕರಾವಳಿಯ ಬಂಧುಗಳು ಊರಿಗೆ ಹೋದಾಗ, ಬೋಟು ಇಟ್ಟುಕೊಂಡ ನೆಂಟರಿಷ್ಟರಿಗೆ ನೇರವಾಗಿ ಹೇಳಬೇಕು: ಪರವೂರಿನ ದಡದ ಮುಂದೆ ಬಲೆ ಬೀಸಬೇಡಿ, ದೀಪ ಹಾಕಬೇಡಿ. ಹೋಟೆಲಿನ ಅಡುಗೆಮನೆಯವರಿಗೆ ಇನ್ನೂ ಹತ್ತಿರದ ಕೆಲಸ. ಮಹಾರಾಷ್ಟ್ರ ಸರಕಾರ 2023ರಲ್ಲಿ 54 ಜಾತಿಯ ಮೀನುಗಳಿಗೆ, ಇಷ್ಟು ಉದ್ದಕ್ಕಿಂತ ಕಡಿಮೆಯಾದದ್ದನ್ನು ಹಿಡಿಯಕೂಡದೆಂದು ನಿಯಮ ಮಾಡಿದೆ. ಅಂಗೈ ಅಗಲವೂ ಇಲ್ಲದ ಮಾಂಜಿ ಪೆಟ್ಟಿಗೆಯಲ್ಲಿ ಬಂದದ್ದನ್ನು ಮೊದಲು ಕಾಣುವವರು ನಾವು. ಖರೀದಿ ಮಾಲೀಕರ ಕೈಯಲ್ಲಿದೆ, ನಿಜ. ಆದರೆ “ಇದು ಮರಿಮೀನು, ಮುಂದಿನ ವರ್ಷ ತಿನ್ನಲು ಏನಿರುತ್ತದೆ?” ಎಂದು ನಾಲ್ಕು ಜನ ಒಟ್ಟಾಗಿ ಹೇಳಿದರೆ ಯಾವ ಮಾಲೀಕನೂ ಕಿವಿಗೊಡದೆ ಇರಲಾರ. ಒಬ್ಬನೇ ಹೇಳಿದರೆ ಕೆಲಸ ಹೋದೀತು. ಸಂಘ ಇರುವುದು ಅದಕ್ಕೇ.

ಕೊನೆಯಲ್ಲಿ ಲಾಲ್‌ಬಾಗಿನ ಚಾಳಿಗೆ ಮರಳುತ್ತೇವೆ. ಇಬ್ಬರನ್ನೂ ಹೊರಗೆ ಹಾಕಿ ಎಂಬ ಮಾತಿಗೆ ಆ ವೃದ್ಧರು ಸಿಟ್ಟಾಗಲಿಲ್ಲ. “ನನ್ನನ್ನು ಒಮ್ಮೆ ಗಿರಣಿಯಿಂದ ಹೊರಗೆ ಹಾಕಿದ್ದಾರೆ ಸಾಹೇಬರೇ, ಗಿರಣಿಯೇನೂ ಉಳಿಯಲಿಲ್ಲ” ಎಂದಷ್ಟೇ ಅಂದರು. ಮಲ್ಪೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ತಾನೇ ಅವರಿಗೆ ಚಹ ತಂದುಕೊಟ್ಟ. ಮುಂದಿನ ತಿಂಗಳು ಊರಿಗೆ ಹೋದಾಗ ಅಣ್ಣನೊಡನೆ ಈ ಮಾತು ಎತ್ತುತ್ತೇನೆ ಎಂದಿದ್ದಾನೆ. ಎತ್ತಲಿ. ನೀವೂ ನಿಮ್ಮ ಕೇರಿಯಲ್ಲಿ, ಖೋಲಿಯಲ್ಲಿ, ರಾತ್ರಿ ಶಾಲೆಯಲ್ಲಿ ಎತ್ತಿರಿ. ಓದು ಬಾರದವರಿಗೆ ಇದನ್ನು ಓದಿ ಹೇಳಿರಿ. ಕಡಲನ್ನು ಕಾಯುವ ಹಕ್ಕೂ ಹೊಣೆಯೂ ಮೊದಲು ಅದರಲ್ಲಿ ದುಡಿಯುವವರದು ಎಂಬ ಠರಾವನ್ನು ಸಂಘದ ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇವೆ. ಕರಾವಳಿಯವರೂ ಘಟ್ಟದವರೂ ಎಲ್ಲರೂ ಬಂದು ಕೈಯೆತ್ತಬೇಕೆಂದು ವಿನಂತಿ.